ಗೋಡೆಯಿಲ್ಲದ ಕೋಟೆ

ಚಿತ್ರದುರ್ಗದ ಕೋಟೆಯನ್ನು ಕಂಡವರಿಗೆ ಅದರ ಬಲವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಸುತ್ತಿನ ಮೇಲೆ ಸುತ್ತು, ಬಾಗಿಲಿನ ಹಿಂದೆ ಬಾಗಿಲು, ಬುರುಜು, ಬತೇರಿ. ಬೆಟ್ಟದ ಬಂಡೆಗಳನ್ನೇ ಗೋಡೆಯಾಗಿಸಿಕೊಂಡು ಎದ್ದು ನಿಂತಿರುವ ಆ ದುರ್ಗವನ್ನು ಏರಿ ಗೆಲ್ಲುವುದು ಶತ್ರುಗಳಿಗೆ ಸುಲಭಸಾಧ್ಯವಾಗಿರಲಿಲ್ಲ. ಆದರೆ ಹೈದರಾಲಿಯ ಸೈನಿಕರು ಒಳನುಗ್ಗಲು ಆರಿಸಿಕೊಂಡುದು ಹೆಬ್ಬಾಗಿಲನ್ನಲ್ಲ, ಬಂಡೆಗಳ ನಡುವೆ ಒಬ್ಬೊಬ್ಬರೇ ನುಸುಳಬಹುದಾಗಿದ್ದ ಒಂದು ಕಿಂಡಿಯನ್ನು. ಕಾವಲುಗಾರನು ಊಟಕ್ಕೆ ಕುಳಿತಿದ್ದ ಹೊತ್ತು ಅದು ಎಂದೂ, ನೀರಿಗೆ ಬಂದ ಅವನ ಹೆಂಡತಿ ಓಬವ್ವ ಒನಕೆಯನ್ನೇ ಆಯುಧವಾಗಿ ಹಿಡಿದು ಅವರನ್ನು ತಡೆದಳೆಂದೂ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಓಬವ್ವನ ಶೌರ್ಯವನ್ನು ಕೊಂಡಾಡುವ ಭರದಲ್ಲಿ ಈ ಕಥೆಯ ಮತ್ತೊಂದು ಮುಖವು ಮರೆತುಹೋಗುವುದುಂಟು. ಅಷ್ಟು ಸುತ್ತಿನ ಕೋಟೆಯ ಭದ್ರತೆಯೆಲ್ಲ ಆ ಗಳಿಗೆಯಲ್ಲಿ ಒಂದು ಕಿಂಡಿಯನ್ನು, ಆ ಕಿಂಡಿಯ ಬಳಿ ಇದ್ದ ಒಬ್ಬಳನ್ನು ಅವಲಂಬಿಸಿತ್ತು.

ಇಂದಿನ ವ್ಯಾಪಾರಸಂಸ್ಥೆಗಳಿಗೂ ಕೋಟೆಗಳುಂಟು, ಕಿಂಡಿಗಳೂ ಉಂಟು. ಉದಾಹರಣೆಗಾಗಿ, ಔಷಧಿಗಳ ಸಗಟು ವ್ಯಾಪಾರ ನಡೆಸುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಅದರ ಪ್ರಧಾನ ಕಚೇರಿ. ಹುಬ್ಬಳ್ಳಿಯಲ್ಲಿ ಒಂದು ಉಗ್ರಾಣ, ಮಂಗಳೂರಿನಲ್ಲಿ ಮತ್ತೊಂದು. ಕೆಲಸಗಾರರು ನೂರಿಪ್ಪತ್ತು ಮಂದಿ. ಅವರಲ್ಲಿ ಮೂವತ್ತು ಮಂದಿ ಊರೂರು ತಿರುಗಿ ಔಷಧಿ ಅಂಗಡಿಗಳಿಂದಲೂ ಆಸ್ಪತ್ರೆಗಳಿಂದಲೂ ಬೇಡಿಕೆ ಪಡೆದು ಕಳುಹಿಸುವ ಪ್ರತಿನಿಧಿಗಳು. ಯಾವ ಔಷಧಿ ಯಾವ ಉಗ್ರಾಣದಲ್ಲಿದೆ, ಅದರ ಅವಧಿ ಎಂದಿಗೆ ಮುಗಿಯುತ್ತದೆ, ಇನ್ಸುಲಿನ್ ಇಟ್ಟ ಶೀತಲ ಕೊಠಡಿಯ ಉಷ್ಣತೆ ಎಷ್ಟು, ಯಾರಿಂದ ಎಷ್ಟು ಬಾಕಿ ಬರಬೇಕು ಎಂಬ ವಿವರಗಳೆಲ್ಲ ಕಂಪ್ಯೂಟರಿನಲ್ಲಿವೆ. ದುಷ್ಟರಾರಾದರೂ ಒಂದು ರಾತ್ರಿ ಒಳನುಸುಳಿ ಆ ವಿವರಗಳಿಗೆ ತಮ್ಮ ಬೀಗ ಜಡಿದು ಹಣಕ್ಕಾಗಿ ಪೀಡಿಸಿದರೆ, ಬೆಳಗಾಗುವಷ್ಟರಲ್ಲಿ ಉಗ್ರಾಣದ ಬಾಗಿಲು ತೆರೆದಿದ್ದರೂ ಔಷಧಿಯ ಸಾಗಾಟ ನಿಂತುಹೋಗುತ್ತದೆ. ಹಾನಿ ವ್ಯಾಪಾರಿಯೊಬ್ಬನದೇ ಅಲ್ಲ. ಔಷಧಿಗಾಗಿ ಕಾದಿರುವ ರೋಗಿಯದೂ ಹೌದು.

ಇಂತಹ ಸಂಸ್ಥೆಗಳು ಬಹುಕಾಲದಿಂದ ನಂಬಿಕೊಂಡು ಬಂದ ರಕ್ಷಣೆಯ ಹೆಸರು ಫೈರ್‌ವಾಲ್. ಈ ಮಾತು ಮೂಲತಃ ಕಟ್ಟಡ ಕಟ್ಟುವವರದು. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹರಡದಂತೆ ನಡುವೆ ಎಬ್ಬಿಸುವ ದಪ್ಪ ಗೋಡೆಗೆ ಆ ಹೆಸರು. ಅಂತರಜಾಲವು ಇನ್ನೂ ಎಳೆಯದಾಗಿದ್ದ ೧೯೮೮ರ ನವೆಂಬರಿನಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬನು ಬಿಟ್ಟ ಒಂದು ಕ್ರಮವಿಧಿ, ಎಂದರೆ ಪ್ರೋಗ್ರಾಮ್, ತಾನೇ ತಾನಾಗಿ ಪ್ರತಿಗಳನ್ನು ಮಾಡಿಕೊಳ್ಳುತ್ತ ಸಾವಿರಾರು ಕಂಪ್ಯೂಟರುಗಳಿಗೆ ಹಬ್ಬಿತು. ಆ ಮೇಲೆ ಜಾಲಕ್ಕೂ ಇಂತಹ ಗೋಡೆ ಬೇಕೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಕಚೇರಿಯ ಒಳಗಿನ ಜಾಲ ಮತ್ತು ಹೊರಗಿನ ಜಾಲ ಕೂಡುವೆಡೆಯಲ್ಲಿ ಒಂದು ಯಂತ್ರವನ್ನು ಕೂರಿಸಿ, ಬರುವ ಹೋಗುವ ಸಂದೇಶಗಳನ್ನೆಲ್ಲ ಅದು ಪರಿಶೀಲಿಸುವಂತೆ ಮಾಡಿದರು. ಅಪ್ಪಣೆಯಿದ್ದುದು ಒಳಕ್ಕೆ, ಇಲ್ಲದುದು ಹೊರಗೆ.

ಈ ಏರ್ಪಾಡಿನ ಅಡಿಯಲ್ಲಿ ಒಂದು ನಂಬಿಕೆ ಅಡಗಿತ್ತು. ಹೊರಗಿರುವವರೆಲ್ಲ ಸಂಶಯಾಸ್ಪದರು, ಒಳಗಿರುವವರೆಲ್ಲ ನಮ್ಮವರು ಎಂಬುದೇ ಆ ನಂಬಿಕೆ. ಹೆಬ್ಬಾಗಿಲನ್ನು ದಾಟಿದವನನ್ನು ಆಮೇಲೆ ಕೇಳುವವರಿರಲಿಲ್ಲ. ೨೦೧೩ರಲ್ಲಿ ಅಮೆರಿಕದ ಟಾರ್ಗೆಟ್ ಎಂಬ ದೊಡ್ಡ ಮಳಿಗೆಗಳ ಸಂಸ್ಥೆಗೆ ಕಳ್ಳರು ನುಗ್ಗಿದುದು ಹೀಗೆಯೇ. ಅಂಗಡಿಗಳ ಶೈತ್ಯಯಂತ್ರಗಳ ಕೆಲಸ ವಹಿಸಿಕೊಂಡಿದ್ದ ಒಬ್ಬ ಗುತ್ತಿಗೆದಾರನ ಪ್ರವೇಶಪದವನ್ನು ಅವರು ಕದ್ದರು. ಶೈತ್ಯಯಂತ್ರದವನ ಹೆಸರಿನಲ್ಲಿ ಒಳಹೊಕ್ಕವರು ಹಣ ಎಣಿಸುವ ಯಂತ್ರಗಳ ತನಕ ನಡೆದುಹೋದರು. ಸುಮಾರು ನಾಲ್ಕು ಕೋಟಿ ಗ್ರಾಹಕರ ಬ್ಯಾಂಕು ಕಾರ್ಡುಗಳ ವಿವರ ಕಳವಾಯಿತು. ನಮ್ಮ ದೇಶದಲ್ಲಿಯೂ ೨೦೨೨ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರುಗಳು ದಾಳಿಗೆ ಸಿಕ್ಕಿ, ರೋಗಿಗಳ ನೋಂದಣಿಯೇ ಮೊದಲಾದ ಕೆಲಸಗಳನ್ನು ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ಒಳಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದುದು ಈ ಅನಾಹುತಕ್ಕೆ ಎಡೆಮಾಡಿತೆಂದು ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿತು. ಮನೆಯ ಮುಂಬಾಗಿಲಿಗೆ ಬೀಗವಿದ್ದು ಒಳಗಿನ ಕೋಣೆಗಳಿಗೆ ಕದವೇ ಇಲ್ಲದಿದ್ದರೆ ಏನಾಗುವುದೋ ಅದೇ ಆಯಿತು.

ಇದೇ ಕಾಲಕ್ಕೆ ಕೋಟೆಯ ಗೋಡೆ ತಾನಾಗಿಯೇ ಕರಗತೊಡಗಿತ್ತು. ಲೆಕ್ಕದ ಪುಸ್ತಕ, ಅಂಚೆ, ಕಡತಗಳು ಕಚೇರಿಯ ಯಂತ್ರಗಳಿಂದ ಹೊರಟು ದೂರದ ದತ್ತಾಂಶ ಕೇಂದ್ರಗಳನ್ನು ಸೇರಿದವು. ಇದಕ್ಕೆ ಕ್ಲೌಡ್ ಎಂಬ ಸುಂದರವಾದ ಹೆಸರು ಬಂದಿತು. ಹೆಸರು ಮೋಡವಾದರೂ ಅದು ಇರುವುದು ನೆಲದ ಮೇಲೆಯೇ: ಬೇರೊಬ್ಬರ ಕಟ್ಟಡದಲ್ಲಿ, ಬೇರೊಬ್ಬರ ಯಂತ್ರಗಳಲ್ಲಿ. ೨೦೨೦ರ ಮಾರ್ಚಿಯಲ್ಲಿ ಕೊರೋನಾ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಕೆಲಸಗಾರರೂ ಕಚೇರಿಯನ್ನು ಬಿಟ್ಟು ಮನೆ ಸೇರಿದರು. ಕಾಯಬೇಕಾದ ಸೊತ್ತು ಹೊರಗೆ, ಅದನ್ನು ಬಳಸುವವರು ಹೊರಗೆ. ಕಾವಲಿನ ಯಂತ್ರ ಮಾತ್ರ ಖಾಲಿ ಕಚೇರಿಯೊಳಗೆ ಮಿಣಮಿಣ ದೀಪ ಬೆಳಗಿಸಿಕೊಂಡು ಕುಳಿತಿತ್ತು.

ಆಗ ಹೆಚ್ಚಿನವರು ಮೊರೆಹೊಕ್ಕುದು ವಿಪಿಎನ್ ಎಂಬ ಉಪಾಯಕ್ಕೆ. ಕೆಲಸಗಾರನ ಮನೆಯಿಂದ ಕಚೇರಿಯವರೆಗೆ ಸಾರ್ವಜನಿಕ ಜಾಲದ ನಡುವೆಯೇ ಕೊರೆದ ಒಂದು ಗುಪ್ತ ಸುರಂಗವೆಂದು ಅದನ್ನು ಭಾವಿಸಬಹುದು. ಸುರಂಗವು ಒಳ್ಳೆಯದೇ, ಆದರೆ ಅದರ ಬಾಯಿ ತೆರೆದಿರುವಷ್ಟು ದಿನ ಅದೂ ಒಂದು ಕಿಂಡಿಯೇ. ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲು ಒದಗಿಸುವ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆಗೆ ೨೦೨೧ರಲ್ಲಿ ಕಳ್ಳರು ನುಗ್ಗಿದುದು ಬಳಕೆಯಲ್ಲಿಲ್ಲದ ಒಂದು ಹಳೆಯ ವಿಪಿಎನ್ ಖಾತೆಯ ಮೂಲಕ. ಅದಕ್ಕೆ ಇದ್ದುದು ಒಂದೇ ಒಂದು ಗುಪ್ತಪದ. ಎರಡನೆಯ ಪರೀಕ್ಷೆ ಇರಲಿಲ್ಲ. ಸಂಸ್ಥೆಯು ಸಾವಿರಾರು ಕಿಲೋಮೀಟರು ಉದ್ದದ ಕೊಳವೆಮಾರ್ಗವನ್ನು ಐದಾರು ದಿನ ನಿಲ್ಲಿಸಬೇಕಾಯಿತು. ಪೆಟ್ರೋಲಿಗಾಗಿ ಜನ ಸಾಲುಗಟ್ಟಿದರು. ಕಳ್ಳರಿಗೆ ತೆತ್ತ ಹಣ ಸುಮಾರು ನಲವತ್ತನಾಲ್ಕು ಲಕ್ಷ ಡಾಲರು. ಅದರಲ್ಲಿ ಒಂದು ಭಾಗವನ್ನು ಅಲ್ಲಿನ ಸರ್ಕಾರ ಅನಂತರ ವಶಪಡಿಸಿಕೊಂಡಿತು. ಒಬ್ಬ ನೌಕರನ ಹಳೆಯ ಖಾತೆಯನ್ನು ಅಳಿಸಿಹಾಕಲು ಮರೆತುದರ ಬೆಲೆ ಇದು.

ಗೋಡೆಯ ಒಳಗಿರುವುದೇ ಯೋಗ್ಯತೆಯೆಂದು ತಿಳಿಯಬಾರದು ಎಂಬ ವಿಚಾರ ಇದಕ್ಕೂ ಹಿಂದಿನದು. ೨೦೧೦ರಲ್ಲಿ ಫಾರೆಸ್ಟರ್ ಸಂಸ್ಥೆಯ ಜಾನ್ ಕಿಂಡರ್ವ್ಯಾಗ್ ಎಂಬಾತ ಇದನ್ನು ಶೂನ್ಯ ವಿಶ್ವಾಸ, ಎಂದರೆ ಜೀರೋ ಟ್ರಸ್ಟ್, ಎಂಬ ಹೆಸರಿನಿಂದ ಪ್ರತಿಪಾದಿಸಿದನು. ಗೂಗಲ್ ಸಂಸ್ಥೆಯು ೨೦೦೯ರಲ್ಲಿ ತಾನು ದಾಳಿಗೆ ಗುರಿಯಾದ ಬಳಿಕ ಇಂಥದೇ ತತ್ತ್ವದ ಮೇಲೆ ತನ್ನ ಒಳಜಾಲವನ್ನು ಹೊಸದಾಗಿ ಕಟ್ಟಿಕೊಂಡಿತು. ೨೦೨೦ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಇದರ ನಿಯಮಗಳನ್ನು ಕ್ರಮವಾಗಿ ಬರೆದು ಪ್ರಕಟಿಸಿತು. ಇದರ ಸಾರಾಂಶ ಸರಳವಾದುದು. ಕೇಳುವವನು ಯಾರು, ಯಾವ ಯಂತ್ರದಿಂದ ಕೇಳುತ್ತಿದ್ದಾನೆ, ಆ ಯಂತ್ರ ಆರೋಗ್ಯವಾಗಿದೆಯೇ, ಕೇಳುತ್ತಿರುವ ವಸ್ತು ಅವನ ಕೆಲಸಕ್ಕೆ ಬೇಕಾದುದೇ ಎಂಬುದನ್ನು ಪ್ರತಿಸಲವೂ ವಿಚಾರಿಸಬೇಕು. ಒಪ್ಪಿಗೆಯಾದರೆ ಆ ಒಂದು ವಸ್ತುವಿಗೆ ಮಾತ್ರ ದಾರಿ ಬಿಡಬೇಕು. ಶೈತ್ಯಯಂತ್ರದವನಿಗೆ ಶೈತ್ಯಯಂತ್ರ, ಹಣದ ಪೆಟ್ಟಿಗೆ ಇರುವುದೂ ಅವನಿಗೆ ಕಾಣಬಾರದು.

ಪ್ರತಿಯೊಂದು ಸಂದೇಶಕ್ಕೂ ಹೀಗೆ ವಿಚಾರಣೆ ನಡೆಸುವ ಕಾವಲುಗಾರನನ್ನು ಎಲ್ಲಿ ನಿಲ್ಲಿಸಬೇಕು? ಕಚೇರಿಯಲ್ಲಿ ನಿಲ್ಲಿಸಿದರೆ ಸಾಗರದಲ್ಲಿರುವ ಪ್ರತಿನಿಧಿಯ ಸಂದೇಶ ಬೆಂಗಳೂರಿಗೆ ಬಂದು, ಅಲ್ಲಿಂದ ಮುಂಬಯಿಯ ದತ್ತಾಂಶ ಕೇಂದ್ರಕ್ಕೆ ಹೋಗಿ, ಮತ್ತೆ ಬೆಂಗಳೂರಿನ ಮೂಲಕವೇ ಸಾಗರಕ್ಕೆ ಮರಳಬೇಕು. ಈ ಸುತ್ತುದಾರಿಯನ್ನು ತಪ್ಪಿಸಲು ಕಾವಲನ್ನೇ ಕ್ಲೌಡ್‌ಗೆ ಏರಿಸಿದರು. ಕೆಲಸಗಾರನು ಎಲ್ಲಿಯೇ ಇರಲಿ, ಅವನ ಸಂದೇಶವು ಮೊದಲು ಕಾವಲು ಸಂಸ್ಥೆಯ ಹತ್ತಿರದ ಕೇಂದ್ರಕ್ಕೆ ಹೋಗುತ್ತದೆ. ಪರೀಕ್ಷೆಯಾಗಿ ಅಲ್ಲಿಂದ ನೇರವಾಗಿ ಗುರಿಗೆ ನಡೆಯುತ್ತದೆ. ೨೦೧೯ರಲ್ಲಿ ಗಾರ್ಟ್ನರ್ ಎಂಬ ಸಮೀಕ್ಷಾ ಸಂಸ್ಥೆಯು ಈ ಬಗೆಯ ಸೇವೆಗಳಿಗೆ ಸಾಸಿ ಎಂಬ ಕಿರುನಾಮವನ್ನಿಟ್ಟಿತು. ಹೆಸರು ಹುಟ್ಟಿದುದೇ ತಡ, ಅದನ್ನು ಹಣೆಗೆ ಅಂಟಿಸಿಕೊಳ್ಳದ ಮಾರಾಟಗಾರನೇ ಇಲ್ಲವಾದನು.

ಔಷಧಿ ಸಂಸ್ಥೆಯ ಕಷ್ಟ ಆರಂಭವಾಗುವುದು ಇಲ್ಲಿಂದ. ಎಲ್ಲ ಮಾರಾಟಗಾರರ ಪತ್ರಗಳಲ್ಲಿಯೂ ಒಂದೇ ಬಗೆಯ ಮಾತು, ಒಂದೇ ಬಗೆಯ ಚಿತ್ರ. ತಾನು ತಂದ ಮೊಸರನ್ನು ಹುಳಿಯೆಂದು ಹೇಳುವ ವ್ಯಾಪಾರಿ ಯಾವ ಸಂತೆಯಲ್ಲಿಯೂ ಸಿಗಲಾರನು. ಆದುದರಿಂದ ಸಂಸ್ಥೆಗಳ ಈಗಿನ ಮಾತುಗಳಿಗಿಂತ ಅವುಗಳ ಹುಟ್ಟನ್ನು ವಿಚಾರಿಸುವುದು ಹೆಚ್ಚು ಪ್ರಯೋಜನಕರ. ಮನುಷ್ಯರಂತೆ ಸಂಸ್ಥೆಗಳಲ್ಲಿಯೂ ಹುಟ್ಟುಗುಣ ಬೇಗ ಅಳಿಯುವುದಿಲ್ಲ.

ಜೀಸ್ಕೇಲರ್ ಸಂಸ್ಥೆಯನ್ನು ೨೦೦೭ರಲ್ಲಿ ಸ್ಥಾಪಿಸಿದವರು ಜಯ್ ಚೌಧರಿ. ಇವರ ಹುಟ್ಟೂರು ಹಿಮಾಚಲ ಪ್ರದೇಶದ ಊನಾ ಜಿಲ್ಲೆಯ ಪನೋಹ್ ಎಂಬ ಹಳ್ಳಿ. ಇವರ ಬಾಲ್ಯದಲ್ಲಿ ಆ ಹಳ್ಳಿಗೆ ವಿದ್ಯುದ್ದೀಪ ಇನ್ನೂ ಬಂದಿರಲಿಲ್ಲ. ವಾರಾಣಸಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ಇವರು, ಕಾವಲಿನ ಪೆಟ್ಟಿಗೆಗಳನ್ನು ಮಾರುವ ಬದಲು ಮೊದಲ ದಿನದಿಂದಲೇ ಕಾವಲನ್ನು ಕ್ಲೌಡ್‌ನಲ್ಲಿ ಕಟ್ಟಿದರು. ಜನರು ಎಲ್ಲೆಲ್ಲಿಂದಲೋ ಅಂತರಜಾಲವನ್ನು ಬಳಸುವಾಗ ಅದನ್ನು ಪರೀಕ್ಷಿಸುವುದು ಇದರ ಹುಟ್ಟುಗುಣ. ಪಾಲೊ ಆಲ್ಟೊ ನೆಟ್‌ವರ್ಕ್ಸ್ ಇದಕ್ಕೆ ಎರಡು ವರ್ಷ ಹಿರಿಯದು. ನೀರ್ ಝುಕ್ ಎಂಬ ಇಸ್ರೇಲಿನ ತಂತ್ರಜ್ಞನು ೨೦೦೫ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಹೆಸರು ಗಳಿಸಿದುದು ಕಚೇರಿಯಲ್ಲಿ ಕೂರಿಸುವ ಫೈರ್‌ವಾಲ್ ಯಂತ್ರಗಳಿಂದ. ಕ್ಲೌಡ್‌ಗೆ ಅದು ಆಮೇಲೆ ಏರಿತು. ಕಚೇರಿಯಲ್ಲಿ ಅದರ ಯಂತ್ರ ಆಗಲೇ ಇರುವವರಿಗೆ ಹಳೆಯ ನಿಯಮಗಳನ್ನು ಹೊಸ ಕಾವಲಿಗೆ ಸಾಗಿಸುವುದು ಸುಲಭ. ೨೦೦೦ದಲ್ಲಿ ಹುಟ್ಟಿದ ಫೋರ್ಟಿನೆಟ್ ಕೂಡ ಯಂತ್ರ ತಯಾರಕರ ಕುಲದ್ದೇ. ಶಾಖೆಗಳೂ ಉಗ್ರಾಣಗಳೂ ಹೆಚ್ಚಾಗಿರುವವರು ಅದನ್ನು ವಿಚಾರಿಸುವುದು ಸಹಜ.

ಕ್ಲೌಡ್‌ಫ್ಲೇರ್‌ನ ಹುಟ್ಟು ಬೇರೆ ಬಗೆಯದು. ೨೦೦೯ರಲ್ಲಿ ಸ್ಥಾಪಿತವಾದ ಅದು ಮೊದಲು ಕಾಯುತ್ತಿದ್ದುದು ಜಾಲತಾಣಗಳನ್ನು. ಅದಕ್ಕಾಗಿ ಲೋಕದ ಊರೂರಿನಲ್ಲಿ ಕೇಂದ್ರಗಳನ್ನು ತೆರೆಯುತ್ತ ಹೋಗಿ ಮುನ್ನೂರಕ್ಕೂ ಹೆಚ್ಚು ನಗರಗಳಲ್ಲಿ ನೆಲೆಯೂರಿತು. ಆ ಜಾಲವನ್ನೇ ಬಳಸಿ ಈಗ ಕೆಲಸಗಾರರನ್ನೂ ಕಾಯುತ್ತಿದೆ. ಸಂಜಯ್ ಬೇರಿ ಮತ್ತು ಸಂಗಡಿಗರು ೨೦೧೨ರಲ್ಲಿ ಆರಂಭಿಸಿದ ನೆಟ್‌ಸ್ಕೋಪ್‌ನ ಗಮನ ದತ್ತಾಂಶದ ಮೇಲೆ. ಗುಟ್ಟಿನ ಕಡತವೊಂದನ್ನು ನೌಕರನು ತನ್ನ ಸ್ವಂತ ಖಾತೆಗೆ ಸಾಗಿಸುತ್ತಿದ್ದಾನೆಯೇ ಎಂಬಂತಹ ಸೂಕ್ಷ್ಮವನ್ನು ಹಿಡಿಯುವುದರಲ್ಲಿ ಅದು ಪಳಗಿದೆ. ಸಿಸ್ಕೊ ೨೦೧೫ರಲ್ಲಿ ಓಪನ್‌ಡಿಎನ್‌ಎಸ್ ಎಂಬ ಸಂಸ್ಥೆಯನ್ನು ಕೊಂಡುಕೊಂಡಿತು. ಜಾಲದಲ್ಲಿ ಎಲ್ಲಿಗೆ ಹೋಗಬೇಕಾದರೂ ಮೊದಲು ಆ ಹೆಸರಿನ ವಿಳಾಸವನ್ನು ಕೇಳಿ ತಿಳಿಯಬೇಕಷ್ಟೆ. ಕೆಟ್ಟ ತಾಣದ ವಿಳಾಸವನ್ನೇ ಹೇಳದೆ ಇರುವುದು ಈ ಕಾವಲಿನ ರೀತಿ. ಇದು ಅಗ್ಗ, ಅಳವಡಿಸುವುದೂ ಶೀಘ್ರ. ಆದರೆ ಒಳ್ಳೆಯ ವಿಳಾಸದಿಂದಲೇ ಬರುವ ಕೆಟ್ಟ ಕಡತವನ್ನು ಇದೊಂದರಿಂದಲೇ ತಡೆಯಲಾಗದು.

ಹೀಗೆ ನೋಡಿದಾಗ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದು ಗೊತ್ತಾಗುತ್ತದೆ. ಸಮೀಕ್ಷಾ ಸಂಸ್ಥೆಗಳು ವರ್ಷಕ್ಕೊಮ್ಮೆ ಪ್ರಕಟಿಸುವ ಶ್ರೇಣಿಪಟ್ಟಿಗಳು ಇಪ್ಪತ್ತು ಹೆಸರುಗಳನ್ನು ಐದಕ್ಕೆ ಇಳಿಸಿಕೊಳ್ಳಲು ನೆರವಾಗುತ್ತವೆ. ಅಲ್ಲಿಂದ ಮುಂದೆ ಅವುಗಳ ಸಹಾಯ ಹೆಚ್ಚಿಲ್ಲ. ಲಕ್ಷ ನೌಕರರಿರುವ ಕಂಪನಿಗೆ ಹಿತವಾದುದು ನೂರಿಪ್ಪತ್ತು ಮಂದಿಯ ಸಂಸ್ಥೆಗೆ ಭಾರವಾಗಬಹುದು. ತನ್ನ ಮೂವತ್ತು ಪ್ರತಿನಿಧಿಗಳು, ಎರಡು ಉಗ್ರಾಣಗಳು, ಒಂದು ಲೆಕ್ಕದ ತಂತ್ರಾಂಶ, ಇವುಗಳ ಮೇಲೆ ತಾನೇ ಪರೀಕ್ಷಿಸಿ ನೋಡುವುದೊಂದೇ ಅದಕ್ಕೆ ಉಳಿದ ದಾರಿ. ಮಾರಾಟಗಾರರು ಸಾಮಾನ್ಯವಾಗಿ ಕೆಲವು ವಾರಗಳ ಪರೀಕ್ಷಾವಧಿಯನ್ನು ಕೊಡುತ್ತಾರೆ.

ಮೊದಲ ಪರೀಕ್ಷೆ ವೇಗದ್ದು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಇದಕ್ಕಿಂತ ವೇಗವಾಗಿ ಯಾವ ಮಾರಾಟಗಾರನೂ ಸಂದೇಶವನ್ನು ಒಯ್ಯಲಾರನು. ಬೆಂಗಳೂರಿನಿಂದ ಮುಂಬಯಿಗೆ ನೇರ ದೂರ ಎಂಟುನೂರು ಕಿಲೋಮೀಟರಿಗೆ ತುಸು ಹೆಚ್ಚು. ಹೋಗಿ ಬರಲು ಬೆಳಕಿಗೆ ಎಂಟು ಒಂಬತ್ತು ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರ ಪಾಲುಗಳಲ್ಲಿ ಎಂಟು ಒಂಬತ್ತು ಪಾಲು ಸಾಕು. ಸಿಂಗಾಪುರಕ್ಕಾದರೆ ಮೂವತ್ತಕ್ಕೂ ಹೆಚ್ಚು, ಜರ್ಮನಿಯ ಫ್ರಾಂಕ್‌ಫರ್ಟಿಗಾದರೆ ಎಪ್ಪತ್ತಕ್ಕೂ ಹೆಚ್ಚು ಬೇಕು. ತಂತುಗಳು ನೇರವಾಗಿ ಹಾಯದೆ ಬಳಸಿ ಹೋಗುವುದರಿಂದ ನಿಜವಾಗಿ ತಗಲುವ ಕಾಲ ಇನ್ನೂ ಅಧಿಕ. ಒಂದು ಪುಟ ತೆರೆಯಲು ಇಂತಹ ಹತ್ತಾರು ಪಯಣಗಳು ಬೇಕಾಗುತ್ತವೆ. ಆದಕಾರಣ ಒಟ್ಟು ಎಷ್ಟು ಕೇಂದ್ರಗಳಿವೆ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಹುಬ್ಬಳ್ಳಿಯ ಉಗ್ರಾಣದ ಸಂದೇಶ ಬೆಳಗಿನ ಹನ್ನೊಂದರ ನೂಕುನುಗ್ಗಲಿನಲ್ಲಿ ಯಾವ ಕೇಂದ್ರಕ್ಕೆ ಹೋಗುತ್ತದೆ ಎಂಬುದನ್ನು ಅಳೆದು ನೋಡಬೇಕು. ಭಾರತದಲ್ಲಿ ಕೇಂದ್ರವಿದ್ದೂ ದಟ್ಟಣೆಯ ಹೊತ್ತಿನಲ್ಲಿ ಸಂದೇಶ ಹೊರದೇಶಕ್ಕೆ ಹರಿದುಹೋಗಬಹುದು.

ಎರಡನೆಯದು ಎಚ್ಚರದ ಪರೀಕ್ಷೆ. ಕಾವಲುಗಾರನು ಎಚ್ಚರವಾಗಿದ್ದಾನೆಯೇ ಎಂದು ನೋಡಲು ಮನೆಗೆ ನಿಜವಾದ ಕಳ್ಳನನ್ನು ಕರೆತರಬೇಕಾಗಿಲ್ಲ. ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಿನಲ್ಲಿ ಅರುವತ್ತೆಂಟು ಅಕ್ಷರಗಳ ಒಂದು ಪುಟ್ಟ ಕಡತವಿದೆ. ಅದು ಯಾರಿಗೂ ಅಪಾಯ ಮಾಡದು. ಆದರೆ ವೈರಸ್ ಹಿಡಿಯುವ ತಂತ್ರಾಂಶಗಳೆಲ್ಲ ಅದನ್ನು ವೈರಸ್ಸೆಂದೇ ಹಿಡಿಯಬೇಕೆಂದು ಒಪ್ಪಂದವಿದೆ. ಈ ಕಡತವನ್ನು ಮೊದಲು ಹಾಗೆಯೇ, ಆಮೇಲೆ ಗಂಟು ಕಟ್ಟಿ, ಗಂಟಿನೊಳಗೆ ಗಂಟು ಕಟ್ಟಿ ಕಳುಹಿಸಿ ನೋಡಿದರೆ ಕಾವಲಿನ ದೃಷ್ಟಿ ಎಷ್ಟು ಆಳಕ್ಕೆ ಇಳಿಯುತ್ತದೆಂಬುದು ಗೊತ್ತಾಗುತ್ತದೆ. ಇಲ್ಲಿಯೇ ಮತ್ತೊಂದು ಲೆಕ್ಕವನ್ನೂ ಇಡಬೇಕು: ತಡೆಯಬಾರದುದನ್ನು ಎಷ್ಟು ಸಲ ತಡೆದಿತು? ಬ್ಯಾಂಕಿನ ಪುಟ ತೆರೆಯದೆ, ಆಸ್ಪತ್ರೆಯ ಬೇಡಿಕೆಪತ್ರ ಒಳಗೆ ಬಾರದೆ ಗುಮಾಸ್ತರು ದಿನಕ್ಕೆ ಹತ್ತು ಸಲ ಗೋಳಾಡುವಂತಾದರೆ, ತಿಂಗಳೊಳಗೆ ಯಾರಾದರೂ ಆ ಕಾವಲನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ಇಂದು ಜಾಲದಲ್ಲಿ ಓಡಾಡುವ ಸಂದೇಶಗಳಲ್ಲಿ ಬಹುಪಾಲು ಗೂಢಲಿಪಿಯಲ್ಲಿರುತ್ತವೆ. ಅವು ಅರಗಿನ ಮುದ್ರೆಯೊತ್ತಿದ ಲಕೋಟೆಗಳಿದ್ದಂತೆ. ಕಳುಹಿಸಿದವನೂ ಪಡೆದವನೂ ಅಲ್ಲದೆ ಬೇರೆಯವರು ಓದಲಾರರು. ಕಳ್ಳನ ಕಡತವೂ ಇಂತಹ ಲಕೋಟೆಯಲ್ಲಿಯೇ ಬರುತ್ತದೆ. ಅದನ್ನು ಹಿಡಿಯಬೇಕಾದರೆ ಕಾವಲುಗಾರನು ಲಕೋಟೆಯನ್ನು ಒಡೆದು, ಓದಿ, ಮತ್ತೆ ಮುದ್ರೆಯೊತ್ತಿ ಕಳುಹಿಸಬೇಕು. ಅದಕ್ಕಾಗಿ ಸಂಸ್ಥೆಯ ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಆತನ ಮುದ್ರೆಯನ್ನು ನಂಬುವಂತೆ ಮೊದಲೇ ಏರ್ಪಾಡು ಮಾಡಬೇಕು. ಇದರ ಅರ್ಥವೇನು? ಸಂಸ್ಥೆಯ ಸಕಲ ಪತ್ರಗಳನ್ನೂ ಓದಬಲ್ಲ ಮೂರನೆಯವನೊಬ್ಬನನ್ನು ಸಂಸ್ಥೆಯೇ ಸಂಬಳ ಕೊಟ್ಟು ನೇಮಿಸಿಕೊಳ್ಳುತ್ತಿದೆ. ಯಾರನ್ನೂ ಸುಮ್ಮನೆ ನಂಬಬಾರದೆಂಬ ತತ್ತ್ವವು ಕೊನೆಗೆ ಒಬ್ಬನನ್ನು ಪೂರ್ತಿಯಾಗಿ ನಂಬುವಲ್ಲಿಗೆ ಬಂದು ನಿಲ್ಲುವುದು ವಿಚಿತ್ರವಾದರೂ ಸತ್ಯ. ಯಾವ ಲಕೋಟೆಗಳನ್ನು ಒಡೆಯಬಾರದು, ಉದಾಹರಣೆಗೆ ನೌಕರನ ಸ್ವಂತ ಬ್ಯಾಂಕಿನ ವ್ಯವಹಾರ ಅಥವಾ ವೈದ್ಯರೊಡನೆ ಆತನ ಪತ್ರವ್ಯವಹಾರ, ಎಂಬುದನ್ನು ಸ್ಪಷ್ಟವಾಗಿ ಬರೆದಿಡಲು ಆ ಸೇವೆಯಲ್ಲಿ ಅವಕಾಶವಿದೆಯೇ? ಓದಿದುದನ್ನು ಅವರು ಎಲ್ಲಿ ಇಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಅವರ ಪೈಕಿ ಯಾರು ನೋಡಬಹುದು? ಈ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು. ಕರಾರಿನ ಪತ್ರದಲ್ಲಿ ಅಕ್ಷರರೂಪದಲ್ಲಿರಬೇಕು. ನೌಕರರಿಗೂ ಈ ವಿಷಯವನ್ನು ಮುಂದಾಗಿ ತಿಳಿಸುವುದು ನ್ಯಾಯ.

ದೇಶದ ಕಾನೂನು ಕೂಡ ಈ ತುಲನೆಯಲ್ಲಿ ಒಂದು ತೂಕ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನದಂತೆ, ಗೊತ್ತುಪಡಿಸಿದ ಬಗೆಯ ದಾಳಿಗಳು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು; ಯಂತ್ರಗಳ ದಿನಚರಿಯನ್ನು ೧೮೦ ದಿನಗಳ ಕಾಲ ಕಾಪಾಡಿಡಬೇಕು. ಮೂವತ್ತು ದಿನಗಳ ದಿನಚರಿಯನ್ನು ಮಾತ್ರ ಇಟ್ಟು, ಹೆಚ್ಚಿನದಕ್ಕೆ ಹೆಚ್ಚು ಹಣ ಕೇಳುವ ಸೇವೆಯ ನಿಜವಾದ ಬೆಲೆ ಇಲ್ಲಿ ಬಯಲಾಗುತ್ತದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಜನರ ವಿವರಗಳನ್ನು ಕಾಪಾಡಲು ತಕ್ಕ ಎಚ್ಚರ ವಹಿಸದಿದ್ದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿರಿಸಿದೆ. ವಿವರಗಳನ್ನು ಬೇರೊಬ್ಬರ ಕೈಗೆ ಒಪ್ಪಿಸಿದ್ದರೂ ಹೊಣೆ ಒಪ್ಪಿಸಿದವನದೇ. ಕಾವಲನ್ನು ಕೊಳ್ಳಬಹುದು, ಹೊಣೆಯನ್ನು ಮಾರಲಾಗದು.

ಕಾವಲುಗಾರನೇ ಕುಸಿದು ಬಿದ್ದರೆ ಏನು ಗತಿ? ಇದನ್ನು ಕೇಳಲು ಬಹಳ ಮಂದಿ ಮರೆಯುತ್ತಾರೆ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯು ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಕಳುಹಿಸಿದ ಒಂದು ದೋಷಪೂರ್ಣ ಪರಿಷ್ಕರಣದಿಂದ ಸುಮಾರು ಎಂಬತ್ತೈದು ಲಕ್ಷ ಯಂತ್ರಗಳು ಸ್ತಬ್ಧವಾದವು. ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಟ್ಟು ವಿಮಾನ ಹತ್ತಿಸಬೇಕಾಯಿತು. ೨೦೨೫ರ ನವೆಂಬರ್ ೧೮ರಂದು ಕ್ಲೌಡ್‌ಫ್ಲೇರ್‌ನ ಒಳಗಿನ ಒಂದು ಕಡತವು ನಿರೀಕ್ಷೆಗಿಂತ ದೊಡ್ಡದಾಗಿ ಬೆಳೆದು, ಅದನ್ನು ಓದುವ ತಂತ್ರಾಂಶವೇ ಮುಗ್ಗರಿಸಿ, ಅದರ ಹಿಂದೆ ಇದ್ದ ಅಸಂಖ್ಯಾತ ತಾಣಗಳು ಕೆಲವು ಗಂಟೆ ಕಾಣದಾದವು. ಕೆಲಸಗಾರರ ಪ್ರವೇಶವನ್ನು ಪರೀಕ್ಷಿಸುವ ಅದರ ಸೇವೆಯೂ ಬಾಧಿತವಾಯಿತು. ಎರಡೂ ಶತ್ರುಗಳ ಕೃತ್ಯವಲ್ಲ; ರಕ್ಷಕರ ಕೈತಪ್ಪುಗಳು. ಕ್ಲೌಡ್‌ಫ್ಲೇರ್ ಆ ದಿನವೇ ತಪ್ಪಿನ ವಿವರವನ್ನು ಗಳಿಗೆ ಗಳಿಗೆಯ ಲೆಕ್ಕದೊಡನೆ ಪ್ರಕಟಿಸಿತು. ಮಾರಾಟಗಾರರನ್ನು ತೂಗುವಾಗ, ಅವರು ಎಡವಿದ ದಿನ ಏನು ಹೇಳಿದರು, ಎಷ್ಟು ಬೇಗ ಹೇಳಿದರು ಎಂಬುದನ್ನೂ ಓದಿ ನೋಡಬೇಕು. ಜಾಹೀರಾತಿನ ನೂರು ಪುಟಗಳಲ್ಲಿ ದೊರೆಯದ ಸಂಗತಿ ಅಂತಹ ಒಂದು ಪುಟದಲ್ಲಿ ದೊರೆಯುತ್ತದೆ.

ಕಾವಲು ನಿಂತಾಗ ಬಾಗಿಲು ತೆರೆದುಕೊಳ್ಳಬೇಕೇ, ಮುಚ್ಚಿಕೊಳ್ಳಬೇಕೇ? ತೆರೆದುಕೊಂಡರೆ ಕೆಲಸ ನಡೆಯುತ್ತದೆ, ಆದರೆ ಆ ಹೊತ್ತು ಕಾವಲಿಲ್ಲ. ಮುಚ್ಚಿಕೊಂಡರೆ ಕಳ್ಳನು ಒಳಗೆ ಬಾರನು, ಔಷಧಿಯೂ ಹೊರಗೆ ಹೋಗದು. ಎಲ್ಲಕ್ಕೂ ಒಂದೇ ನಿಯಮ ಸಲ್ಲದು. ಔಷಧಿ ಸಂಸ್ಥೆಯು ಲೆಕ್ಕದ ಬಾಗಿಲು ಮುಚ್ಚಿಕೊಳ್ಳಲಿ, ಆಸ್ಪತ್ರೆಗಳ ಬೇಡಿಕೆ ಬರುವ ದಾರಿ ಮಾತ್ರ ತೆರೆದಿರಲಿ ಎಂದು ನಿರ್ಧರಿಸಬಹುದು. ಹಾಗೆ ಬೇರೆಬೇರೆಯಾಗಿ ವಿಧಿಸಲು ಬಾರದ ಸೇವೆ ಅದಕ್ಕೆ ಎಷ್ಟು ಅಗ್ಗವಾದರೂ ತಕ್ಕುದಲ್ಲ.

ಬೆಲೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ತಲೆಗೆ ಇಷ್ಟು, ವರ್ಷಕ್ಕೆ ಇಷ್ಟು ಎಂಬುದು ಸಾಮಾನ್ಯ ಕ್ರಮ. ಮೊದಲ ಒಪ್ಪಂದಕ್ಕೆ ದೊಡ್ಡ ರಿಯಾಯಿತಿ, ನವೀಕರಣಕ್ಕೆ ಪೂರ್ಣ ದರ; ಬೇಕಾದ ಒಂದು ಸೌಲಭ್ಯವು ಬೇಡದ ನಾಲ್ಕರೊಡನೆ ಮೇಲಿನ ದರ್ಜೆಯಲ್ಲಿ ಮಾತ್ರ ಲಭ್ಯ. ಇವು ವ್ಯಾಪಾರದ ಹಳೆಯ ಪಟ್ಟುಗಳೇ. ಮೂರು ವರ್ಷಗಳ ಒಟ್ಟು ವೆಚ್ಚವನ್ನು ಒಂದೇ ಹಾಳೆಯಲ್ಲಿ ಬರೆದರೆ ಅವು ಕಾಣುತ್ತವೆ. ಬಿಟ್ಟುಹೋಗುವಾಗ ತನ್ನ ನಿಯಮಗಳನ್ನೂ ದಿನಚರಿಯನ್ನೂ ಓದಲು ಬರುವ ರೂಪದಲ್ಲಿ ಕೊಂಡೊಯ್ಯಬಹುದೇ ಎಂಬ ಪ್ರಶ್ನೆಯನ್ನು ಸೇರುವ ದಿನವೇ ಕೇಳಿಬಿಡಬೇಕು.

ಇಷ್ಟೆಲ್ಲ ನೋಡಿ ಆರಿಸಿಕೊಂಡ ಕಾವಲಿಗೂ ತಿಳಿಯದ ಒಂದು ಸಂಗತಿಯಿದೆ. ಕಳೆದ ವಾರ ಕೆಲಸ ಬಿಟ್ಟುಹೋದ ಪ್ರತಿನಿಧಿ ಯಾರೆಂಬುದನ್ನು ಸಂಸ್ಥೆಯೇ ಹೇಳಬೇಕು. ಹೇಳದೆ ಇದ್ದರೆ, ಆತನ ಹೆಸರಿನಲ್ಲಿ ಬಂದವನಿಗೆ ಅತ್ಯುತ್ತಮವಾದ ಕಾವಲೂ ಸಲಾಮು ಹಾಕಿ ದಾರಿ ಬಿಡುತ್ತದೆ. ಪರೀಕ್ಷಾವಧಿಯಲ್ಲಿ ಔಷಧಿ ಸಂಸ್ಥೆಯು ಮಾಡಬೇಕಾದ ಮೊದಲ ಕೆಲಸವೆಂದರೆ ಹಾಜರಿ ಪುಸ್ತಕವನ್ನೂ ಖಾತೆಗಳ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ಹೆಸರುಗಳನ್ನು ತಾಳೆ ನೋಡುವುದು. ಅದಕ್ಕೆ ಯಾವ ಮಾರಾಟಗಾರನೂ ಬೇಕಾಗಿಲ್ಲ. ಒಬ್ಬ ಗುಮಾಸ್ತ, ಒಂದು ಕೆಂಪು ಪೆನ್ನು, ಅರ್ಧ ದಿನ ಸಾಕು.

ಕೊನೆಯ ಕೆಲಸವನ್ನು ಪರೀಕ್ಷಾವಧಿಯ ಕೊನೆಯ ದಿನಕ್ಕೆ ಇರಿಸಿಕೊಳ್ಳಬೇಕು. ಅಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಉಗ್ರಾಣಗಳು ಬಿಡುವಿಲ್ಲದೆ ದುಡಿಯುತ್ತಿರುವಾಗ, ಕಾವಲಿನೊಡನೆ ಇರುವ ಸಂಪರ್ಕವನ್ನು ಬೇಕೆಂದೇ ಕಡಿದು ನೋಡಬೇಕು. ಯಾವ ಬಾಗಿಲು ತೆರೆದುಕೊಂಡಿತು, ಯಾವುದು ಮುಚ್ಚಿಕೊಂಡಿತು; ಮಾರಾಟಗಾರನ ಸಹಾಯವಾಣಿಗೆ ಕರೆ ಮಾಡಿದರೆ ಮನುಷ್ಯನ ಧ್ವನಿ ಕೇಳಿಸಲು ಎಷ್ಟು ನಿಮಿಷ ಹಿಡಿಯಿತು; ಮಂಗಳೂರಿನ ಉಗ್ರಾಣದವನು ಇನ್ಸುಲಿನ್ ಪೆಟ್ಟಿಗೆಗಳನ್ನು ಕಳುಹಿಸಲು ಕೈಯಲ್ಲಿ ಬರೆಯುವ ರಸೀತಿ ಪುಸ್ತಕವನ್ನು ಎಲ್ಲಿ ಇಟ್ಟಿದ್ದನು. ಇವೆಲ್ಲವನ್ನೂ ಗಡಿಯಾರ ನೋಡಿ, ಮೂವರು ಮಾರಾಟಗಾರರ ಹೆಸರಿನ ಕೆಳಗೆ, ಅದೇ ಹಾಳೆಯಲ್ಲಿ ಬರೆಯಬೇಕು.